ಊರಿನ ಹೊಗೆಸೊಪ್ಪು, ಪರವೂರಿನ ಅಂಗಡಿ

ಹುಟ್ಟಿದ ಊರನ್ನು ಬಿಟ್ಟು ಹೊಟ್ಟೆಪಾಡಿಗಾಗಿ ದೂರದ ನಗರವನ್ನು ಸೇರುವ ಮನುಷ್ಯನು ಬರಿಗೈಯಲ್ಲಿ ಬರುವುದಿಲ್ಲ. ಭಾಷೆ, ದೇವರು, ಹಬ್ಬ, ಊಟದ ರುಚಿ ಇವೆಲ್ಲವೂ ಅವನ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತವೆ. ಇವುಗಳೊಡನೆ, ಯಾರೂ ಪಟ್ಟಿಗೆ ಸೇರಿಸದ ಇನ್ನೊಂದು ವಸ್ತುವೂ ಬರುತ್ತದೆ. ಅದು ಅವನ ಚಟ. ಭಾಷೆಯನ್ನು ಉಳಿಸಿಕೊಳ್ಳಲು ಸಂಘ ಬೇಕು, ದೇವರಿಗೆ ಮಂದಿರ ಬೇಕು. ಚಟಕ್ಕೆ ಮಾತ್ರ ಬೀದಿಯ ಮೂಲೆಯ ಒಂದು ಅಂಗಡಿ ಸಾಕು.

ಮುಂಬಯಿಯ ಮಾಟುಂಗ ಇಂಥ ವಲಸೆಗೆ ಒಂದು ಒಳ್ಳೆಯ ನಿದರ್ಶನ. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿ ಇಲ್ಲಿ ನೆಲೆಯೂರಿತು. ರೈಲು ನಿಲ್ದಾಣದ ಹತ್ತಿರ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಯೆಲೆಯ ಊಟ ಬಡಿಸುತ್ತ ಬಂದಿದೆ. ಕಿಂಗ್ಸ್ ಸರ್ಕಲಿನ ಸುತ್ತಮುತ್ತ ಮಲ್ಲಿಗೆಯ ದಂಡೆ, ಕಾಫಿ ಪುಡಿ, ಹಪ್ಪಳ, ವೀಳ್ಯದೆಲೆ, ಅಡಿಕೆ ಎಲ್ಲವೂ ಊರಿನ ಸಂತೆಯಲ್ಲಿ ಸಿಗುವಂತೆ ಸಿಗುತ್ತವೆ. ಎಲೆ ಅಡಿಕೆಯ ಮಗ್ಗುಲಲ್ಲಿಯೇ ಹೊಗೆಸೊಪ್ಪೂ ಇದೆ. ಮೊದಲಿನ ಎರಡು ತಾಂಬೂಲದ ತಟ್ಟೆಯ ಸಭ್ಯ ಪದಾರ್ಥಗಳೆಂದು ಎಣಿಸಲ್ಪಟ್ಟರೆ, ಅದೇ ತಟ್ಟೆಯ ಅಂಚಿನಲ್ಲಿ ಕುಳಿತ ಮೂರನೆಯದು ಆ ಸಭ್ಯತೆಯ ನೆರಳಿನಲ್ಲಿಯೇ ಬಾಳಿಕೊಂಡು ಬಂದಿದೆ. ಸಿಗರೇಟು ಸೇದುವ ಮಗನನ್ನು ಗದರಿಸುವ ತಂದೆ, ತಾನು ಊಟವಾದ ಮೇಲೆ ಒಂದು ಚೂರು ಹೊಗೆಸೊಪ್ಪನ್ನು ದವಡೆಗೆ ಸೇರಿಸುವಾಗ ಅದನ್ನು ಚಟವೆಂದು ಭಾವಿಸುವುದಿಲ್ಲ. ಹೊಗೆಯಿಲ್ಲದ ತಂಬಾಕಿನ ಅಪಾಯವೆಲ್ಲ ಈ ನಿಶ್ಚಿಂತೆಯಲ್ಲಿಯೇ ಅಡಗಿದೆ.

ಬಿಜಾಪುರದಿಂದ ಹೊರಟ ಎಲೆ

ಹೊಗೆಸೊಪ್ಪು ನಮ್ಮ ನೆಲದ ಮೂಲ ಬೆಳೆಯಲ್ಲ. ಅಮೇರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದು ಮೊಗಲರ ಆಸ್ಥಾನವನ್ನು ತಲುಪಿದ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾತ್ರವಿದೆ. 1604ರ ಸುಮಾರಿಗೆ ಆದಿಲಶಾಹಿಗಳ ರಾಜಧಾನಿಯಾದ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗನು ಅಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ರತ್ನಖಚಿತ ಕೊಳವೆಯೊಂದರ ಸಹಿತ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಅಕ್ಬರನು ಕುತೂಹಲದಿಂದ ಒಂದೆರಡು ಸಲ ಸೇದಿ ನೋಡಿದನಂತೆ. ಬಳಿಯಲ್ಲಿದ್ದ ರಾಜವೈದ್ಯನು, ನಮ್ಮ ಹಿರಿಯರು ಪರೀಕ್ಷಿಸದ ಪದಾರ್ಥವನ್ನು ಸೇವಿಸುವುದು ಸರಿಯಲ್ಲವೆಂದು ತಡೆದನು. ಅಸದ್ ಬೇಗನು ತನ್ನ ಬರಹದಲ್ಲಿ ಇದನ್ನೆಲ್ಲ ವಿವರಿಸಿದ್ದಾನೆ. ವೈದ್ಯನ ಮಾತನ್ನು ಬಾದಶಹನು ಕೇಳಿದನು, ಆಸ್ಥಾನಿಕರು ಕೇಳಲಿಲ್ಲ. 1617ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸುವಷ್ಟರ ಮಟ್ಟಿಗೆ ಅದು ಹಬ್ಬಿಬಿಟ್ಟಿತ್ತು. ನಿಷೇಧವೂ ವೈದ್ಯರ ಎಚ್ಚರಿಕೆಯೂ ತಂಬಾಕಿನಷ್ಟೇ ಹಳೆಯವು ಎಂಬುದನ್ನು ಇದರಿಂದ ತಿಳಿಯಬಹುದು.

ಅಲ್ಲಿಂದೀಚೆಗೆ ಈ ಎಲೆ ಕನ್ನಡ ನಾಡಿನಲ್ಲಿ ನಾನಾ ರೂಪಗಳನ್ನು ತಾಳಿತು. ನಿಪ್ಪಾಣಿಯ ಸೀಮೆಯಲ್ಲಿ ಬೀಡಿಯ ತಂಬಾಕು, ಹುಣಸೂರು ಪಿರಿಯಾಪಟ್ಟಣಗಳ ಕಡೆ ಸಿಗರೇಟಿನ ತಂಬಾಕು, ಕಾಸರಗೋಡಿನ ಮರಳುನೆಲದ ಕರಾವಳಿಯಲ್ಲಿ ಜಗಿಯುವ ಹೊಗೆಸೊಪ್ಪು ಬೆಳೆದವು. ಬಡವರ ಪಾಲಿಗೆ ಎಲೆಯ ದಂಟನ್ನು ಕುಟ್ಟಿದ ಕಡ್ಡಿಪುಡಿ ಬಂದಿತು. ಶಾಲೆಯ ಮೇಷ್ಟ್ರು, ಪುರೋಹಿತರು, ಗುಮಾಸ್ತರ ಕಿಸೆಯಲ್ಲಿ ನಶ್ಯದ ಡಬ್ಬಿ ನೆಲೆಸಿತು. ನಶ್ಯಕ್ಕೆ ಒಂದು ಬಗೆಯ ಪಾಂಡಿತ್ಯದ ಮರ್ಯಾದೆಯೂ ದೊರಕಿತು. ಹೊಗೆಯಿಲ್ಲ, ಉಗುಳಿಲ್ಲ, ಒಂದು ಚಿಟಿಕೆ ಏರಿಸಿ ಒಂದು ಸೀನು ಸೀನಿದರೆ ಬುದ್ಧಿ ಚುರುಕಾಗುತ್ತದೆ ಎಂಬ ನಂಬಿಕೆಯನ್ನು ಒಪ್ಪದವರು ಆ ಕಾಲದಲ್ಲಿ ವಿರಳ.

ತಟ್ಟೆಯಿಂದ ಪೊಟ್ಟಣಕ್ಕೆ

ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, 1998ರಿಂದ ಕೊಂಕಣ ರೈಲಿನಲ್ಲಿ ಮುಂಬಯಿಗೆ ಬಂದ ಕನ್ನಡಿಗರ ಪೈಕಿ ಹೋಟೆಲ್ ಕೆಲಸಕ್ಕೆ ಸೇರಿದ ಹುಡುಗರ ಸಂಖ್ಯೆ ದೊಡ್ಡದು. ಊರಿನಲ್ಲಿ ಎಲೆ ಹಾಕುವುದೆಂದರೆ ಕುಳಿತು ಮಾಡುವ ಕೆಲಸ. ಹರಿವಾಣ ಮುಂದಿಡಬೇಕು, ಎಲೆಯ ತೊಟ್ಟು ಮುರಿಯಬೇಕು, ಸುಣ್ಣ ಸವರಬೇಕು, ಅಡಿಕೆ ಹೋಳು ಮಾಡಬೇಕು, ಜೊತೆಗೆ ನಾಲ್ಕು ಮಾತು ಆಡಬೇಕು. ಹೊತ್ತು ಹುಟ್ಟುವ ಮೊದಲೇ ಒಲೆಯ ಮುಂದೆ ನಿಂತು, ನಡುರಾತ್ರಿ ಮೇಜು ಒರೆಸಿ ಮಲಗುವ ಹುಡುಗನಿಗೆ ಈ ವಿರಾಮ ಎಲ್ಲಿಂದ ಬರಬೇಕು? ನಗರವು ಅವನ ಕೈಗೆ ಬೇರೆ ಪದಾರ್ಥಗಳನ್ನು ಕೊಟ್ಟಿತು. ಉತ್ತರದವರ ಖೈನಿ, ಮರಾಠಿ ನೆರೆಹೊರೆಯ ಮಿಶ್ರಿ ಮತ್ತು ತಪಕೀರು, ಅಡಿಕೆ ಚೂರಿಗೆ ತಂಬಾಕು ಸುಣ್ಣ ಸೇರಿಸಿ ತಿಕ್ಕಿದ ಮಾವಾ, ಕೊನೆಗೆ ಹೊಳೆಯುವ ಪೊಟ್ಟಣದ ಗುಟಕಾ. ಹರಿದು ಬಾಯಿಗೆ ಸುರಿದುಕೊಂಡರೆ ಆಯಿತು. ಊಟದ ನಂತರದ ಎರಡು ಸಲದ ತಾಂಬೂಲ, ದಿನಕ್ಕೆ ಹತ್ತು ಹದಿನೈದು ಸಲದ ಪೊಟ್ಟಣವಾಯಿತು. ಪದಾರ್ಥ ಬದಲಾದರೂ ಅದನ್ನು ತಿನ್ನುವವನ ಮನಸ್ಸಿನಲ್ಲಿ ಅದು ಅಜ್ಜನ ಎಲೆ ಅಡಿಕೆಯಾಗಿಯೇ ಉಳಿಯಿತು.

ಮಹಾರಾಷ್ಟ್ರ ಸರಕಾರವು 2012ರಲ್ಲಿಯೂ ಕರ್ನಾಟಕ ಸರಕಾರವು 2013ರಲ್ಲಿಯೂ ಗುಟಕಾ ಮಾರಾಟವನ್ನು ನಿಷೇಧಿಸಿದವು. ವ್ಯಾಪಾರವೇನೋ ಹೊಸ ದಾರಿಯನ್ನು ಹುಡುಕಿಕೊಂಡಿತು. ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು. ಎರಡನ್ನೂ ಬೆರೆಸುವ ಕೆಲಸ ಗಿರಾಕಿಯದು. ರಾಷ್ಟ್ರವ್ಯಾಪಿಯಾಗಿ 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಶೇಕಡಾ 24.4 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು; ಸೇದುವವರು ಶೇಕಡಾ 4ಕ್ಕಿಂತ ಕಡಿಮೆ. ಕರ್ನಾಟಕದಲ್ಲಿ ಹೊಗೆಯಿಲ್ಲದ ತಂಬಾಕಿನ ಪ್ರಮಾಣ ಶೇಕಡಾ 16.3. ಅಂದರೆ ತಂಬಾಕಿನ ಸಮಸ್ಯೆಯೆಂದರೆ ಸಿಗರೇಟು ಎಂಬ ಸಾಮಾನ್ಯ ತಿಳುವಳಿಕೆ ಈ ಎರಡು ರಾಜ್ಯಗಳ ಮಟ್ಟಿಗೆ ಸತ್ಯಕ್ಕೆ ದೂರವಾದುದು.

ಸ್ವೀಡನ್ನರ ನಶ್ಯದ ಬೀದಿ

ಇಂದು ಮಾಟುಂಗದ ಅನೇಕ ಮನೆಗಳ ಮಕ್ಕಳು ಅಮೇರಿಕದಲ್ಲಿ ನೆಲೆಸಿದ್ದಾರೆ. ರಜೆಗೆ ಬಂದಾಗ ಅವರು ಹೇಳುವ ಸುದ್ದಿಗಳಲ್ಲಿ ಸ್ನೂಸ್ ಎಂಬ ಹೆಸರೂ ಕೇಳಿಬರುವುದುಂಟು. ಸ್ವೀಡನ್ ದೇಶದ ಈ ತಂಬಾಕು ಹೊಗೆಯಿಲ್ಲದ್ದು, ಉಗುಳಬೇಕಾಗಿಲ್ಲದ್ದು, ಅಮೇರಿಕದ ಸರಕಾರವೇ ಅದರ ಅಪಾಯ ಕಡಿಮೆಯೆಂದು ಒಪ್ಪಿದೆ. ಹಾಗಿದ್ದ ಮೇಲೆ ನಮ್ಮ ಅಜ್ಜನ ಹೊಗೆಸೊಪ್ಪಿನಲ್ಲಿ ಏನು ದೋಷ ಎಂಬ ವಾದವೂ ಅದರ ಹಿಂದೆಯೇ ಬರುತ್ತದೆ. ಈ ವಾದವನ್ನು ತೂಗಿ ನೋಡುವುದು ಅಗತ್ಯ.

ಸ್ನೂಸ್ ಕೂಡ ವಲಸಿಗರ ತಂಬಾಕೇ. ತೇವವುಳ್ಳ ಈ ನಶ್ಯವನ್ನು ಮೂಗಿಗೆ ಏರಿಸದೆ, ಮೇಲ್ದುಟಿ ಮತ್ತು ವಸಡಿನ ನಡುವೆ ಇಟ್ಟುಕೊಳ್ಳುತ್ತಾರೆ. 1822ರಲ್ಲಿ ಆರಂಭವಾದ ಎತ್ತನ್ ಎಂಬ ಹೆಸರಿನ ಸ್ನೂಸ್ ಅಲ್ಲಿ ಇಂದಿಗೂ ಮಾರಾಟದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಬಡ ರೈತರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅಮೇರಿಕಕ್ಕೆ ಹೋದಾಗ ನಶ್ಯದ ಡಬ್ಬಿಯೂ ಅವರೊಡನೆ ಹೋಯಿತು. ಮಿನಿಯಾಪೊಲಿಸ್ ನಗರದಲ್ಲಿ ಅವರು ಕಿಕ್ಕಿರಿದು ನೆಲೆಸಿದ್ದ ಸೀಡರ್ ಅವೆನ್ಯೂ ಎಂಬ ರಸ್ತೆಗೆ ಜನರು ಸ್ನೂಸ್ ಬುಲ್‌ವಾರ್ಡ್ ಎಂದೇ ಅಡ್ಡಹೆಸರಿಟ್ಟರು. ಆ ಬೀದಿಯಲ್ಲಿ ಸ್ವೀಡನ್ನಿನ ನಾಟಕ, ಹಾಡು, ಊಟ ಎಲ್ಲವೂ ಇದ್ದವು. ಅದು ಅವರ ಮಾಟುಂಗ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಭಾಷೆ ಸವೆಯಿತು, ಡಬ್ಬಿಯಲ್ಲಿದ್ದ ಪದಾರ್ಥವೂ ಬದಲಾಯಿತು. ಹುದುಗಿಸಿದ, ಉಗುಳಿ ಉಗುಳಿ ಬಳಸುವ ಅಮೇರಿಕದ ಒದ್ದೆ ನಶ್ಯ ಅದರ ಸ್ಥಾನವನ್ನು ಆಕ್ರಮಿಸಿತು.

2006ರಲ್ಲಿ ಅಮೇರಿಕದ ದೊಡ್ಡ ಸಿಗರೇಟು ಕಂಪನಿಯೊಂದು ಕ್ಯಾಮಲ್ ಸ್ನೂಸ್ ಎಂಬುದನ್ನು ಪರೀಕ್ಷಾರ್ಥವಾಗಿ ಮಾರುಕಟ್ಟೆಗೆ ಬಿಟ್ಟು, 2009ರಲ್ಲಿ ದೇಶವ್ಯಾಪಿಯಾಗಿ ಮಾರತೊಡಗಿತು. ಹೆಸರು ಸ್ವೀಡನ್ನಿನದು, ಒಳಗಿನ ಪದಾರ್ಥ ಅಮೇರಿಕದ ನಾಲಗೆಗೆ ಹೊಂದಿಸಿದ್ದು. ಸ್ವೀಡನ್ನಿನ ಸ್ನೂಸನ್ನು ಬಲ್ಲವನು ಅಮೇರಿಕದ ತಂಬಾಕಿನ ಅಂಗಡಿಯಲ್ಲಿ ಸ್ನೂಸ್ ಎಂದು ಕೇಳಿದರೆ, ಅಂಗಡಿಯವನು ಇದನ್ನೇ ಕೊಟ್ಟಾನು. ಇಲ್ಲವೆ ಉಗುಳುವ ನಶ್ಯವನ್ನು ಕೊಟ್ಟಾನು. ನಿಜವಾದ ಸ್ವೀಡನ್ನಿನ ಸ್ನೂಸನ್ನು ಹಾಲು ಮೊಸರಿನಂತೆ ತಂಪುಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಅಂಗಡಿಯ ಗೋಡೆಗೆ ಸಾಲಾಗಿ ಜೋಡಿಸಿದ ಡಬ್ಬಿಗಳಲ್ಲಿ ಅದನ್ನು ಕಾಣದೆ ಮರಳುವವರೂ ಇರುತ್ತಾರೆ. ಒಂದೇ ಹೆಸರಿನ ಹಿಂದೆ ಎರಡು ಮೂರು ಬಗೆಯ ಸರಕು ಇರುವುದೆಂಬುದು ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ.

ಹೆಸರು ಒಂದು, ಗುಣ ಬೇರೆ

ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಚಟವನ್ನು ಹತ್ತಿಸುತ್ತದೆ. ಅರ್ಬುದ ರೋಗವನ್ನು, ಅಂದರೆ ಕ್ಯಾನ್ಸರನ್ನು ಉಂಟುಮಾಡುವ ಮುಖ್ಯ ದ್ರವ್ಯಗಳು ಬೇರೆ. ಎಲೆಯನ್ನು ಒಣಗಿಸುವಾಗ, ಹುದುಗಿಸುವಾಗ, ಬೆಚ್ಚಗಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟಾಗ ನೈಟ್ರೊಸಮೈನ್ ಎಂಬ ವಿಷದ್ರವ್ಯಗಳು ಅದರಲ್ಲಿ ಹುಟ್ಟಿಕೊಳ್ಳುತ್ತವೆ. ಸ್ವೀಡನ್ನಿನವರು ಎಲೆಯನ್ನು ಹುದುಗಿಸುವುದಿಲ್ಲ. ಹಬೆಯಲ್ಲಿ ಬೇಯಿಸಿ, ಸೂಕ್ಷ್ಮಜೀವಿಗಳನ್ನು ಕೊಂದು, ತಂಪಿನಲ್ಲಿ ಕಾಪಾಡುತ್ತಾರೆ. ಆದ್ದರಿಂದ ಈ ವಿಷಗಳು ಅದರಲ್ಲಿ ಕಡಿಮೆ. ತಂಪುಪೆಟ್ಟಿಗೆಯ ಮರ್ಮವೂ ಇದೇ.

ಇತ್ತ ನಮ್ಮ ಸರಕಿನ ಸ್ಥಿತಿಯನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಣ ತೂಕದ ಒಂದು ಗ್ರಾಂ ತಂಬಾಕಿನಲ್ಲಿ ಮುಖ್ಯವಾದ ಎರಡು ನೈಟ್ರೊಸಮೈನುಗಳು ಒಟ್ಟು 2 ಮೈಕ್ರೋಗ್ರಾಂ ಮೀರಬಾರದೆಂದು ಸೂಚಿಸಿದ್ದಾರೆ. ಭಾರತದ ಮಾರುಕಟ್ಟೆಯ ಹೊಗೆಯಿಲ್ಲದ ತಂಬಾಕುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅವುಗಳಲ್ಲಿ ಒಂದೇ ಒಂದು ನೈಟ್ರೊಸಮೈನಿನ ಪ್ರಮಾಣ ಗ್ರಾಂಗೆ 76.9 ಮೈಕ್ರೋಗ್ರಾಂವರೆಗೂ ಇದ್ದುದು ಕಂಡುಬಂದಿತು. ಅಜ್ಜನ ಹೊಗೆಸೊಪ್ಪನ್ನು ಯಾರೂ ಹಬೆಯಲ್ಲಿ ಬೇಯಿಸಿಲ್ಲ, ಪಾನ್ ಅಂಗಡಿಯ ಜರದಾವನ್ನು ಯಾರೂ ತಂಪುಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಸ್ವೀಡನ್ನಿನ ಸ್ನೂಸಿಗೆ ದೊರೆತ ಪ್ರಮಾಣಪತ್ರವನ್ನು ಮಾವಾ, ಖೈನಿ, ಕಡ್ಡಿಪುಡಿಗಳಿಗೆ ಅಂಟಿಸುವುದು ಒಬ್ಬನ ಪದವಿಪತ್ರದ ಮೇಲೆ ಇನ್ನೊಬ್ಬನು ನೌಕರಿ ಕೇಳಿದಂತೆ.

ಆ ಪ್ರಮಾಣಪತ್ರವಾದರೂ ಏನು ಹೇಳುತ್ತದೆ? ಅಮೇರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಅಕ್ಟೋಬರದಲ್ಲಿ ಜನರಲ್ ಎಂಬ ಹೆಸರಿನ 8 ಬಗೆಯ ಸ್ನೂಸುಗಳಿಗೆ ಅನುಮತಿ ಕೊಟ್ಟಿತು. ಸಿಗರೇಟಿಗೆ ಬದಲಾಗಿ ಇದನ್ನು ಬಳಸಿದರೆ ಬಾಯಿಯ ಕ್ಯಾನ್ಸರ್, ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್ ಮೊದಲಾದವುಗಳ ಅಪಾಯ ಕಡಿಮೆ ಎಂದು ಜಾಹೀರು ಮಾಡುವ ಅನುಮತಿ ಅದು. ‘ಸಿಗರೇಟಿಗೆ ಬದಲಾಗಿ’ ಎಂಬ ಮಾತಿನಲ್ಲಿಯೇ ಅದರ ಅರ್ಥವೆಲ್ಲ ಇದೆ. ಸಿಗರೇಟು ಸೇದದವನು ಸ್ನೂಸನ್ನು ಹಿಡಿದರೆ ಅವನಿಗೆ ಲಾಭವೇನೂ ಇಲ್ಲ. ಹೊಸದೊಂದು ಚಟ ಗಂಟುಬೀಳುತ್ತದೆ. ಗರ್ಭಿಣಿಯರಿಗಂತೂ ಸ್ನೂಸ್ ಹಾನಿಕರವೆಂಬುದು ಸ್ವೀಡನ್ನಿನ ಅಧ್ಯಯನಗಳಿಂದಲೇ ಸ್ಪಷ್ಟವಾಗಿದೆ. ಯುರೋಪಿನ ಒಕ್ಕೂಟವು 1992ರಲ್ಲಿ ಸ್ನೂಸ್ ಮಾರಾಟವನ್ನು ನಿಷೇಧಿಸಿತು. 1995ರಲ್ಲಿ ಒಕ್ಕೂಟವನ್ನು ಸೇರಿದ ಸ್ವೀಡನ್ನಿಗೆ ಮಾತ್ರ ವಿನಾಯಿತಿ ಇದೆ.

ನಮ್ಮ ಬಾಯಿಯಲ್ಲಿ ಹೊಗೆಸೊಪ್ಪಿನ ಜೊತೆಗೆ ಅಡಿಕೆಯೂ ಸುಣ್ಣವೂ ಇರುತ್ತವೆ. ಸುಣ್ಣದ ಕ್ಷಾರಗುಣ ನಿಕೋಟಿನನ್ನು ಬಿಡಿಸಿ ಬೇಗನೆ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಅಂಗೈಯಲ್ಲಿ ಖೈನಿಯನ್ನು ಸುಣ್ಣದೊಡನೆ ತಿಕ್ಕುವವನು ಅರಿಯದೆಯೇ ರಸಾಯನಶಾಸ್ತ್ರದ ಈ ಪ್ರಯೋಗವನ್ನು ನಡೆಸುತ್ತಿರುತ್ತಾನೆ. ಇನ್ನು ಅಡಿಕೆ. ಮಲೆನಾಡು ಕರಾವಳಿಗಳ ಸಾವಿರಾರು ಮನೆಗಳ ಅನ್ನ ಅಡಿಕೆಯ ತೋಟದಿಂದ ಬರುವುದರಿಂದ ಈ ಮಾತನ್ನು ಆಡುವುದು ಕನ್ನಡಿಗನಿಗೆ ಸುಲಭವಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿ, 2004ರಲ್ಲಿ ಆ ವರದಿಯನ್ನು ಪ್ರಕಟಿಸಿದರು. ಸದಾ ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ತೆರೆಯಲಾರದ ಸ್ಥಿತಿ ಬರುತ್ತದೆ. ಗುಟಕಾ ಬಂದ ಮೇಲೆ ಈ ರೋಗ ಇಪ್ಪತ್ತರ ಹರೆಯದವರಲ್ಲಿಯೂ ಕಾಣಿಸತೊಡಗಿತು.

ಹೆಂಗಸರ ಮಾತು ಬೇರೆಯೆಂದು ತಿಳಿಯಬೇಕಾಗಿಲ್ಲ. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ಪದ್ಧತಿ ಮಹಾರಾಷ್ಟ್ರದ ಹೆಂಗಸರಲ್ಲಿ ಹಳೆಯದು. ಮುಂಬಯಿಯ 1,217 ಗರ್ಭಿಣಿಯರನ್ನು ಕುರಿತು ನಡೆಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕನ್ನು ಬಳಸಿದ ತಾಯಂದಿರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹಲ್ಲುಪುಡಿಯೆಂದು ಬಳಸಿದರೂ ತಂಬಾಕು ತಂಬಾಕೇ.

ಕನ್ನಡಿಯ ಮುಂದೆ ಎರಡು ನಿಮಿಷ

2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ ಮಂದಿಗೆ ಬಾಯಿ ಮತ್ತು ತುಟಿಯ ಕ್ಯಾನ್ಸರ್ ಹೊಸದಾಗಿ ತಗಲುತ್ತದೆ. ಈ ರೋಗದ ವಿಚಾರದಲ್ಲಿ ಒಂದು ಸಮಾಧಾನವಿದೆ. ಹೊಟ್ಟೆಯ, ಶ್ವಾಸಕೋಶದ ಕ್ಯಾನ್ಸರಿನಂತೆ ಇದು ಒಳಗೆ ಅಡಗಿ ಬೆಳೆಯುವುದಿಲ್ಲ. ನೋಡುವ ಮನಸ್ಸಿದ್ದರೆ ಕಣ್ಣಿಗೆ ಕಾಣುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಡಾ. ಫಾಲಿ ಮೆಹತಾ ಅವರ ನೇತೃತ್ವದ ತಂಡ 1960ರ ದಶಕದಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಾಯಿಗಳನ್ನು ಪರೀಕ್ಷಿಸಿತು. ತಂಬಾಕನ್ನು ಬಿಟ್ಟವರಲ್ಲಿ ಕ್ಯಾನ್ಸರಿನ ಮುನ್ಸೂಚನೆಯಾದ ಮಚ್ಚೆಗಳು ಕಡಿಮೆಯಾಗುವುದನ್ನು ಆ ಸಂಶೋಧನೆ ತೋರಿಸಿಕೊಟ್ಟಿತು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತು ಪಡೆದ ಆರೋಗ್ಯ ಕಾರ್ಯಕರ್ತರು ಟಾರ್ಚಿನ ಬೆಳಕಿನಲ್ಲಿ ಬಾಯಿಯನ್ನು ನೋಡುತ್ತ ಬಂದುದರಿಂದ, ತಂಬಾಕು ಅಥವಾ ಮದ್ಯದ ಚಟವುಳ್ಳವರಲ್ಲಿ ಬಾಯಿ ಕ್ಯಾನ್ಸರಿನ ಸಾವುಗಳು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿದುದು 2005ರ ವರದಿಯಿಂದ ತಿಳಿದುಬಂದಿತು.

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಕೆನ್ನೆಗಳ ಒಳಭಾಗ, ವಸಡು, ನಾಲಗೆಯ ಮೇಲೆ ಕೆಳಗೆ ಮತ್ತು ಅಂಚುಗಳನ್ನು ನೋಡಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ತೊಳೆದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಸಹಿಸಲಾಗದ ಉರಿ, ಕೆನ್ನೆಯಲ್ಲಿ ಗಂಟು, ನುಂಗಲು ತೊಂದರೆ, ಕಾರಣವಿಲ್ಲದೆ ಸಡಿಲವಾದ ಹಲ್ಲು ಇವು ಅಲಕ್ಷ್ಯ ಮಾಡಬಾರದ ಚಿಹ್ನೆಗಳು. ತನ್ನ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಲು ಆಗದಿದ್ದರೆ ಬಾಯಿ ಬಿಗಿಯುತ್ತಿದೆಯೆಂದು ತಿಳಿಯಬೇಕು. ಮೊದಲ ಹಂತದ ಹುಣ್ಣು ನೋಯದಿರಬಹುದು. ನೋವಿಲ್ಲವೆಂದು ಸುಮ್ಮನಿರುವುದೇ ಅನೇಕರನ್ನು ಕೆಡಿಸಿದೆ. ಮಾಟುಂಗದವರಿಗೆ ವೈದ್ಯರು ದೂರವಿಲ್ಲ. ಒಂದು ಕಡೆ ಸಯನ್ ಆಸ್ಪತ್ರೆ, ಇನ್ನೊಂದು ಕಡೆ ದಾದರ ದಾಟಿದರೆ ಪರೇಲಿನಲ್ಲಿ 1941ರಿಂದ ಸೇವೆ ಸಲ್ಲಿಸುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆ. ದೇಶದ ಮೂಲೆಮೂಲೆಗಳಿಂದ ರೋಗಿಗಳು ಎರಡು ಮೂರು ದಿನ ಪ್ರಯಾಣ ಮಾಡಿ ಬಂದು ಸೇರುವ ಆ ಬಾಗಿಲು ಇಲ್ಲಿಂದ ಎರಡೇ ನಿಲ್ದಾಣದ ದಾರಿ.

ಬಿಡುವ ಬಗೆ

ಸ್ವೀಡನ್ನಿನಿಂದ ನಾವು ಕಲಿಯುವುದು ಏನಾದರೂ ಇದ್ದರೆ ಅದು ಸ್ನೂಸಿನಲ್ಲಿ ಇಲ್ಲ, ಔಷಧದ ಅಂಗಡಿಯಲ್ಲಿದೆ. 1960ರ ದಶಕದಲ್ಲಿ ಲುಂಡ್ ನಗರದ ವಿಜ್ಞಾನಿ ಕ್ಲಾಸ್ ಲುಂಡ್‌ಗ್ರೆನ್ ಒಂದು ಸಂಗತಿಯನ್ನು ಗಮನಿಸಿದರು. ಜಲಾಂತರ್ಗಾಮಿ ಹಡಗಿನೊಳಗೆ ಸಿಗರೇಟು ಸೇದಲು ಅವಕಾಶವಿಲ್ಲದೆ, ನಾವಿಕರು ತಂಬಾಕನ್ನು ಬಾಯಿಯಲ್ಲಿಟ್ಟುಕೊಂಡು ತಮ್ಮ ಹಂಬಲವನ್ನು ತಣಿಸಿಕೊಳ್ಳುತ್ತಿದ್ದರು. ಬಾಯಿಯ ಮೂಲಕ ನಿಕೋಟಿನ್ ದೊರೆತರೆ ಸಿಗರೇಟನ್ನು ಬಿಡಬಹುದಲ್ಲವೆ ಎಂಬ ಆ ಯೋಚನೆಯನ್ನು ಅವರು ಔಷಧ ಕಂಪನಿಯ ಸಂಶೋಧಕ ಊವೆ ಫೆರ್ನೊ ಅವರಿಗೆ 1967ರಲ್ಲಿ ಬರೆದು ತಿಳಿಸಿದರು. ತಂಬಾಕೇ ಇಲ್ಲದ, ಅಳತೆಯ ನಿಕೋಟಿನ್ ಮಾತ್ರ ಇರುವ ಚ್ಯೂಯಿಂಗ್ ಗಮ್ ಇದರಿಂದ ಹುಟ್ಟಿ, 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲಿಗೆ ಮಾರಾಟಕ್ಕೆ ಬಂದಿತು. ಅದು ಇಂದು ನಮ್ಮ ಔಷಧದ ಅಂಗಡಿಗಳಲ್ಲಿಯೂ 2 ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ಸಿಗುತ್ತದೆ.

ಇದನ್ನು ವೈದ್ಯರನ್ನು ಕೇಳಿಯೇ ಬಳಸಬೇಕು; ಹೃದ್ರೋಗಿಗಳಿಗೂ ಗರ್ಭಿಣಿಯರಿಗೂ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇದನ್ನು ಅಡಿಕೆಯಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಮೆಲ್ಲಗೆ ಅಗಿದು, ನಾಲಗೆಗೆ ಚುರುಕೆಂದಾಗ ಕೆನ್ನೆಯ ಬದಿಗೆ ಒತ್ತಿ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಕಾಫಿಯ ಆಮ್ಲಗುಣ ನಿಕೋಟಿನ್ ಒಳಸೇರುವುದನ್ನು ತಡೆಯುವುದರಿಂದ, ಕಾಫಿ ಕುಡಿದ ಹದಿನೈದು ನಿಮಿಷದೊಳಗೆ ಇದನ್ನು ಬಾಯಿಗೆ ಹಾಕಿಕೊಂಡರೆ ಪ್ರಯೋಜನವಿಲ್ಲ. ಲೋಟ ಕೆಳಗಿಟ್ಟ ಕೂಡಲೇ ಎಲೆಗೆ ಕೈ ಹಾಕುವ ಮಾಟುಂಗದ ಕಾಫಿಪ್ರಿಯರು ಇದನ್ನು ನೆನಪಿನಲ್ಲಿಡಬೇಕು.

ಗಮ್ ಇಲ್ಲದೆಯೇ ಬಿಟ್ಟವರೂ ಬಹಳ ಮಂದಿ. ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ರೆಗೇಡು, ತಲೆನೋವು ಕಾಡುತ್ತವೆ; ಎರಡರಿಂದ ನಾಲ್ಕು ವಾರಗಳಲ್ಲಿ ಶಮನವಾಗುತ್ತವೆ. ಹಂಬಲ ಎದ್ದಾಗ ಅದು ಕೆಲವೇ ನಿಮಿಷಗಳ ಅಲೆ. ಒಂದು ಲೋಟ ನೀರು, ಒಂದು ಏಲಕ್ಕಿ ಅಥವಾ ಲವಂಗ, ನಾಲ್ಕು ಹೆಜ್ಜೆಯ ನಡಿಗೆ ಅದನ್ನು ದಾಟಿಸುತ್ತವೆ. ದಿನಾಂಕವೊಂದನ್ನು ಗೊತ್ತುಮಾಡಿ, ಮನೆಯವರಿಗೆ ತಿಳಿಸಿ, ಡಬ್ಬಿ ಪೊಟ್ಟಣಗಳನ್ನು ಆ ದಿನವೇ ಹೊರಹಾಕುವುದು ಉತ್ತಮ. ಕೇಂದ್ರ ಸರಕಾರದ ದೂರವಾಣಿ ಸಂಖ್ಯೆ 1800-11-2356ಕ್ಕೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಒಮ್ಮೆ ತಪ್ಪಿ ತಿಂದರೆ ಎಲ್ಲವೂ ಕೆಟ್ಟಿತೆಂದು ಕೈಚೆಲ್ಲಬೇಕಾಗಿಲ್ಲ. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಬಿಟ್ಟವರೇ ಹೆಚ್ಚು.

ಸಂಘ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ವಾರ್ಷಿಕೋತ್ಸವದ ದಿನ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ದಂತವೈದ್ಯರೊಬ್ಬರಿಗೆ ಒಂದು ಕುರ್ಚಿ, ಒಂದು ಟಾರ್ಚು ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ನೂರಾರು ಬಾಯಿಗಳ ಪರೀಕ್ಷೆ ಆಗುತ್ತದೆ. ಹೋಟೆಲಿನ ಮಾಲೀಕರು ತಮ್ಮ ಕೆಲಸದ ಹುಡುಗರನ್ನು ಅಲ್ಲಿಗೆ ಕಳುಹಿಸಿಕೊಡಬೇಕು. ಪೊಟ್ಟಣದ ಹಾವಳಿಗೆ ಮೊದಲು ತುತ್ತಾಗುವವರು ಅವರೇ, ಸ್ಮರಣ ಸಂಚಿಕೆಯನ್ನು ಓದಲು ಬಿಡುವಿಲ್ಲದವರೂ ಅವರೇ. ಊರಿನಿಂದ ಬರುವ ನೆಂಟರಿಗೆ ಹೊಗೆಸೊಪ್ಪು ತರಲು ಹೇಳಿಕಳುಹಿಸುವ ಹಿರಿಯರು ಈ ವರ್ಷ ಅದಕ್ಕೆ ಬದಲಾಗಿ ಒಂದು ಡಬ್ಬಿ ಜೋನಿಬೆಲ್ಲವನ್ನೋ ಒಂದು ಕಟ್ಟು ಹಪ್ಪಳವನ್ನೋ ತರಿಸಿಕೊಳ್ಳಲಿ. ಊರಿನ ರುಚಿ ಅವುಗಳಲ್ಲಿಯೂ ಇದೆ. ಅದನ್ನು ಮೊಮ್ಮಕ್ಕಳೊಡನೆ ಹಂಚಿಕೊಂಡು ತಿನ್ನಲೂ ಬರುತ್ತದೆ.